18 ತುಂಬಿದ ಮೇಲೆ ಗಾರ್ಡಿಯನ್ ಯಾರು? ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಅರ್ಹತೆ ಮತ್ತು ಅರ್ಜಿಯ ದಾರಿ

ಬೌದ್ಧಿಕ ವಿಕಲತೆಯಂಥ ಸ್ಥಿತಿ ಇರುವ ಮಗನಿಗೋ ಮಗಳಿಗೋ 18 ತುಂಬಿದ ದಿನ ಮನೆಯೊಳಗೆ ಏನೂ ಬದಲಾಗುವುದಿಲ್ಲ. ಊಟ ಮಾಡಿಸುವವರು ಅಪ್ಪ ಅಮ್ಮನೇ, ಮಾತ್ರೆ ಕೊಡುವವರು ಅವರೇ, ರಾತ್ರಿ ಪಕ್ಕದಲ್ಲಿ ಮಲಗುವವರೂ ಅವರೇ. ಆದರೆ ಕಾನೂನಿನ ಲೆಕ್ಕದಲ್ಲಿ ಅಂದು ದೊಡ್ಡ ಬದಲಾವಣೆ ಆಗಿಹೋಗಿರುತ್ತದೆ. ಅಪ್ಪ ಅಮ್ಮನಿಗೆ ಹುಟ್ಟಿನಿಂದಲೇ ಬಂದಿದ್ದ ಪಾಲಕತ್ವ ಅಲ್ಲಿಗೆ ಮುಗಿಯುತ್ತದೆ. ವೈದ್ಯರ ವರದಿಯಲ್ಲಿ ‘ಮಾನಸಿಕ ವಯಸ್ಸು 6’ ಎಂದು ಬರೆದಿದ್ದರೂ ಅಷ್ಟೇ, ಕಾನೂನಿಗೆ ಆ ವ್ಯಕ್ತಿ ವಯಸ್ಕ. ಅವರ ಪರವಾಗಿ ಸಹಿ ಹಾಕುವ ಅಧಿಕಾರ ತಾಯಿಗೂ ತಾನಾಗಿ ಬರುವುದಿಲ್ಲ.

ಬಹಳಷ್ಟು ಮನೆಗಳಿಗೆ ಇದು ತಿಳಿಯುವುದು ಬ್ಯಾಂಕಿನ ಕೌಂಟರ್‌ನಲ್ಲಿ. ಇಲ್ಲವೇ ಅಪ್ಪ ತೀರಿಕೊಂಡ ಮೇಲೆ ಪಿಂಚಣಿ ಕಚೇರಿಯಲ್ಲಿ. ದುಃಖದ ಮಧ್ಯೆ ಫೈಲು ಹಿಡಿದು ಓಡಾಡುವುದಕ್ಕಿಂತ, ಎಲ್ಲರೂ ಗಟ್ಟಿಯಾಗಿರುವಾಗಲೇ ಕಾನೂನಿನ ಪ್ರಕಾರ ಗಾರ್ಡಿಯನ್ ನೇಮಕ ಮಾಡಿಸಿಕೊಳ್ಳುವುದು ಒಳ್ಳೆಯದು. ಅದಕ್ಕೆ ಏನೇನು ಮಾಡಬೇಕು, ಯಾರು ಅರ್ಹರು, ಯಾರು ಅಲ್ಲ ಎನ್ನುವುದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಮೊದಲು: ಈ ಕಾಯ್ದೆ ನಿಮ್ಮ ಮನೆಗೆ ಅನ್ವಯಿಸುತ್ತದೆಯೇ?

ನ್ಯಾಷನಲ್ ಟ್ರಸ್ಟ್ ಕೇಂದ್ರ ಸರ್ಕಾರದ ಅಡಿಯ ಸಂಸ್ಥೆ. ಅದನ್ನು ಹುಟ್ಟುಹಾಕಿದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ನಾಲ್ಕು ಸ್ಥಿತಿಗಳಿಗೆ ಮಾತ್ರ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ. ಹಳೆಯ ಸರ್ಟಿಫಿಕೇಟುಗಳಲ್ಲಿ ಬೌದ್ಧಿಕ ವಿಕಲತೆಯನ್ನು ಬುದ್ಧಿಮಾಂದ್ಯತೆ ಎಂದು ಬರೆದಿರುತ್ತಾರೆ, ಎರಡೂ ಒಂದೇ. ಡೌನ್ ಸಿಂಡ್ರೋಮ್ ಇರುವವರು ಸಾಮಾನ್ಯವಾಗಿ ಬೌದ್ಧಿಕ ವಿಕಲತೆಯ ಅಡಿಯಲ್ಲೇ ಬರುತ್ತಾರೆ.

ಸ್ಕಿಜೋಫ್ರೀನಿಯಾದಂಥ ಮಾನಸಿಕ ಕಾಯಿಲೆ ಇದ್ದರೆ ಈ ದಾರಿ ಇಲ್ಲ. ಅವರಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಬೇರೆ ಇದೆ. ಅದರಲ್ಲಿ ಚಿಕಿತ್ಸೆಯ ವಿಷಯಕ್ಕೆ ತಮ್ಮ ಪ್ರತಿನಿಧಿಯನ್ನು ಅವರೇ ಹೆಸರಿಸಬಹುದು. ವಯಸ್ಸಾದವರ ಮರೆವಿನ ಕಾಯಿಲೆಯೂ ಇದರೊಳಗೆ ಬರುವುದಿಲ್ಲ. ಹಾಗಾಗಿ ಅರ್ಜಿಗೆ ಮೊದಲು ವಿಕಲಚೇತನರ ಸರ್ಟಿಫಿಕೇಟ್ ತೆಗೆದು, ಅದರಲ್ಲಿ ಯಾವ ವಿಕಲತೆ ಎಂದು ಬರೆದಿದೆ ನೋಡಿ. ಆಟಿಸಂ ಇರುವ ಮಗುವಿಗೆ ಹಿಂದೆ ಬುದ್ಧಿಮಾಂದ್ಯತೆ ಎಂದು ಸರ್ಟಿಫಿಕೇಟ್ ಕೊಟ್ಟಿರುವುದು ಎಷ್ಟೋ ಕಡೆ ಇದೆ. ಎರಡೂ ಈ ಕಾಯ್ದೆಯೊಳಗೇ ಬರುವುದರಿಂದ ಅರ್ಜಿಗೆ ತೊಂದರೆ ಇಲ್ಲ. ಆದರೂ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಮಾಡಿಸುವಾಗ ಸರಿಪಡಿಸಿಕೊಂಡರೆ ಮುಂದೆ ಅನುಕೂಲ.

ಗಾರ್ಡಿಯನ್ ನಿಜವಾಗಿ ಬೇಕೇ?

ಇದನ್ನು ಸುಮ್ನೆ ಕೇಳುತ್ತಿಲ್ಲ. ಗಾರ್ಡಿಯನ್ ನೇಮಿಸುವುದು ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ. ಅರ್ಜಿ ಬಂದಾಗ ಈ ಸಮಿತಿ ಎರಡು ವಿಷಯ ನೋಡಲೇಬೇಕು ಎಂದು ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಒಂದು, ಈ ವ್ಯಕ್ತಿಗೆ ಗಾರ್ಡಿಯನ್ ಅಗತ್ಯ ಇದೆಯೇ? ಇನ್ನೊಂದು, ಯಾವ ಉದ್ದೇಶಕ್ಕೆ?

ಆರೈಕೆ ಮಾಡಲು ಯಾರಿಗೂ ಆದೇಶ ಬೇಕಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಸಂಬಳ ಪಡೆದೋ ಪಡೆಯದೆಯೋ ಆರೈಕೆ, ಬೆಂಬಲ, ಸಹಾಯ ಕೊಡುವ ಯಾರೇ ಆದರೂ ಆರೈಕೆದಾರರು. ಅಪ್ಪ ಅಮ್ಮ, ಮನೆಯ ಉಳಿದವರು ಎಲ್ಲರೂ ಅದರಲ್ಲಿ ಸೇರಿದ್ದಾರೆ. ಆಸ್ಪತ್ರೆಗೆ ಕರೆದೊಯ್ಯಲು, ಥೆರಪಿಗೆ ಸೇರಿಸಲು, ಯುಡಿಐಡಿ ಮಾಡಿಸಲು ಗಾರ್ಡಿಯನ್ ಪತ್ರ ತನ್ನಿ ಎಂದು ಯಾರೂ ಕೇಳಬಾರದು.

ಗಾರ್ಡಿಯನ್ ಬೇಕಾಗುವುದು ಕೆಲವು ಗಟ್ಟಿ ಕಾರಣಗಳಿಗೆ. ಕುಟುಂಬ ಪಿಂಚಣಿ ಅವರ ಹೆಸರಿಗೆ ಬರಬೇಕಿದೆ. ಅಜ್ಜನ ಆಸ್ತಿಯಲ್ಲಿ ಪಾಲು ಬಂದಿದೆ. ಅವರ ಹೆಸರಿನ ಬ್ಯಾಂಕ್ ಖಾತೆಯನ್ನು ಇನ್ನೊಬ್ಬರು ನಡೆಸಬೇಕು. ಅವರಿಗೆ ಅರ್ಥವಾಗದ ಕಾಗದಕ್ಕೆ ಅವರ ಪರವಾಗಿ ಸಹಿ ಬೇಕು. ಇಂಥದ್ದು ಏನೂ ಇಲ್ಲ, ನಿಧಾನವಾಗಿ ಹೇಳಿಕೊಟ್ಟರೆ ವ್ಯಕ್ತಿ ತಾನೇ ಸಹಿ ಹಾಕುತ್ತಾರೆ ಎನ್ನುವುದಾದರೆ, ಅಮ್ಮನ ಜೊತೆ ಜಂಟಿ ಖಾತೆ ತೆರೆದು ನೋಡಿ. ಪಕ್ಕದ ಮನೆಯವರು ಮಾಡಿಸಿದರು ಎಂದು ನಾವೂ ಮಾಡಿಸುವ ಕಾಗದ ಇದಲ್ಲ. ಒಬ್ಬ ವಯಸ್ಕನ ಮಾತಿನ ಜಾಗದಲ್ಲಿ ಇನ್ನೊಬ್ಬರ ಮಾತು ನಿಲ್ಲುವ ವಿಷಯ ಇದು.

ಇಲ್ಲಿ ಇನ್ನೊಂದು ಆಯ್ಕೆಯನ್ನೂ ತಿಳಿದಿರಿ. 2016ರ ಕಾಯ್ದೆಯಲ್ಲಿ ‘ಸೀಮಿತ ಗಾರ್ಡಿಯನ್’ ಎಂಬ ವ್ಯವಸ್ಥೆ ಇದೆ. ಜಿಲ್ಲಾ ನ್ಯಾಯಾಲಯ ಅಥವಾ ಸರ್ಕಾರ ಗೊತ್ತುಮಾಡಿದ ಅಧಿಕಾರಿ ಇದನ್ನು ಕೊಡುತ್ತಾರೆ. ಒಂದು ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ, ವ್ಯಕ್ತಿಯ ಜೊತೆ ಕೂತು ಇಬ್ಬರೂ ಸೇರಿ ತೀರ್ಮಾನ ಮಾಡಬೇಕು ಎನ್ನುವುದು ಅದರ ಆಶಯ. ನನ್ನ ಕೇಳಿದರೆ, ನೀವು ನ್ಯಾಷನಲ್ ಟ್ರಸ್ಟ್ ದಾರಿಯಲ್ಲೇ ಹೋದರೂ ನಡೆದುಕೊಳ್ಳಬೇಕಾದ್ದು ಈ ಆಶಯದ ಪ್ರಕಾರವೇ.

ಅರ್ಜಿ ಹಾಕುವ ಸರದಿ

ಅರ್ಜಿ ಹಾಕುವವರು ಬೇರೆ, ಗಾರ್ಡಿಯನ್ ಆಗುವವರು ಬೇರೆ ಇರಬಹುದು. ಇದು ತುಂಬಾ ಜನರಿಗೆ ಗೊತ್ತಿಲ್ಲ. ಅಪ್ಪ ಅಮ್ಮ ಅರ್ಜಿ ಹಾಕಿ, ‘ನಮ್ಮ ದೊಡ್ಡ ಮಗಳು ಗಾರ್ಡಿಯನ್ ಆಗಲಿ’ ಎಂದು ಕೇಳಬಹುದು. ತಮಗೆ ಬೇಕಾದವರ ಹೆಸರು ಸೂಚಿಸುವ ಅವಕಾಶವನ್ನು ಕಾಯ್ದೆಯೇ ಕೊಟ್ಟಿದೆ.

ಸರದಿ ಹೀಗಿದೆ. ಮೊದಲ ಹಕ್ಕು ಅಪ್ಪ ಅಮ್ಮನದು, ಇಬ್ಬರೂ ಜಂಟಿಯಾಗಿ ಹಾಕಬೇಕು. ಒಬ್ಬರು ತೀರಿಕೊಂಡಿದ್ದರೆ, ವಿಚ್ಛೇದನ ಆಗಿದ್ದರೆ, ಕಾನೂನಿನ ಪ್ರಕಾರ ಬೇರೆಯಾಗಿದ್ದರೆ, ಬಿಟ್ಟು ಹೋಗಿದ್ದರೆ ಅಥವಾ ಶಿಕ್ಷೆಗೆ ಒಳಗಾಗಿದ್ದರೆ ಇನ್ನೊಬ್ಬರೇ ಹಾಕಬಹುದು. ಇಬ್ಬರೂ ಇಲ್ಲದಾಗ ಒಡಹುಟ್ಟಿದವರು. ಮಲ ಅಣ್ಣ, ಮಲ ತಂಗಿಯರೂ ಇದರಲ್ಲಿ ಸೇರುತ್ತಾರೆ. ಹಲವರಿದ್ದು ಒಬ್ಬರೇ ಅರ್ಜಿ ಹಾಕಿದರೆ, ಉಳಿದವರು ಯಾಕೆ ಸೇರಲಿಲ್ಲ ಎಂದು ಬರೆದು ಕೊಡಬೇಕು. ಅವರೂ ಹಾಕದಿದ್ದರೆ ಸಂಬಂಧಿಕರು. ರಕ್ತಸಂಬಂಧ, ಮದುವೆಯ ಸಂಬಂಧ, ದತ್ತು ಎಲ್ಲವೂ ನಡೆಯುತ್ತದೆ. ಸೋದರಮಾವ, ಚಿಕ್ಕಮ್ಮ, ಅತ್ತಿಗೆ ಯಾರೂ ಹೊರಗಿಲ್ಲ. ಕೊನೆಗೆ ನ್ಯಾಷನಲ್ ಟ್ರಸ್ಟ್‌ನಲ್ಲಿ ನೋಂದಾಯಿಸಿದ ಸಂಸ್ಥೆ. ದಿಕ್ಕಿಲ್ಲದ ವ್ಯಕ್ತಿಯಾದರೆ ಅರ್ಜಿ ಹಾಕುವಂತೆ ಸಮಿತಿಯೇ ಸಂಸ್ಥೆಗೆ ಹೇಳಬಹುದು.

ಗಾರ್ಡಿಯನ್ ಆಗುವವರಿಗೆ ಇರಬೇಕಾದ ಅರ್ಹತೆ

ನಿಯಮದಲ್ಲಿ ಐದು ಮಾತಿವೆ. ಗಾರ್ಡಿಯನ್ ಆಗುವವರು ಭಾರತದ ಪ್ರಜೆಯಾಗಿರಬೇಕು. ಬುದ್ಧಿಸ್ಥಿಮಿತ ಕಳೆದುಕೊಂಡಿರಬಾರದು, ಈಗ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರಬಾರದು. ಅಪರಾಧದಲ್ಲಿ ಶಿಕ್ಷೆಯಾಗಿರಬಾರದು. ನಿರ್ಗತಿಕರಾಗಿ ತಮ್ಮ ಹೊಟ್ಟೆಪಾಡಿಗೇ ಇನ್ನೊಬ್ಬರನ್ನು ನಂಬಿಕೊಂಡಿರಬಾರದು. ದಿವಾಳಿ ಎಂದು ಘೋಷಣೆಯಾಗಿರಬಾರದು.

ಓದಲು ಸರಳ. ಮನೆಗಳಿಗೆ ತಂದಾಗ ಒಂದೊಂದೂ ಪ್ರಶ್ನೆ ಎತ್ತುತ್ತದೆ.

ಪ್ರಜೆಯ ನಿಯಮ ನಮ್ಮ ಕಡೆಯ ಎಷ್ಟೋ ಕುಟುಂಬಗಳಿಗೆ ತಟ್ಟುತ್ತದೆ. ಒಬ್ಬನೇ ಅಣ್ಣ, ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪೌರತ್ವ ತಗೊಂಡಿದ್ದಾನೆ. ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದೆಯಲ್ಲ ಎನ್ನುತ್ತಾನೆ. ಒಸಿಐ ಕಾರ್ಡ್ ಇದ್ದವರು ಭಾರತದ ಪ್ರಜೆಗಳಲ್ಲ, ಹಾಗಾಗಿ ಅವನು ಗಾರ್ಡಿಯನ್ ಆಗಲು ಬರುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಹೊರದೇಶದಲ್ಲಿರುವವರಿಗೆ ಈ ತಡೆ ಇಲ್ಲ. ಆದರೆ ತಂಗಿಗೆ ರಾತ್ರಿ ಫಿಟ್ಸ್ ಬಂದರೆ ಓಡಿ ಬರುವವರು ಯಾರು ಎಂದು ಸಮಿತಿ ಕೇಳಿದರೆ ಉತ್ತರ ಬೇಕಲ್ವಾ? ದುಡ್ಡು ಕಳಿಸುವವರು ಅಲ್ಲಿರಲಿ, ಗಾರ್ಡಿಯನ್ ಹತ್ತಿರದವರೇ ಇರಲಿ.

ಮಾನಸಿಕ ಚಿಕಿತ್ಸೆಯ ನಿಯಮ ನನಗೆ ಕಷ್ಟ ಎನಿಸುತ್ತದೆ. ಇಪ್ಪತ್ತು ವರ್ಷ ಆರೈಕೆ ಮಾಡಿದ ತಾಯಿ ದಣಿದು, ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದರೆ ಅದು ಅವರ ಅಯೋಗ್ಯತೆ ಆಗಬಾರದು. ಈ ನಿಯಮ ಬಂದು ಎರಡು ದಶಕದ ಮೇಲಾಯಿತು, ಮಾನಸಿಕ ಆರೋಗ್ಯವನ್ನು ನೋಡುವ ರೀತಿ ಆಮೇಲೆ ಬದಲಾಗಿದೆ, ನಿಯಮವೂ ಬದಲಾಗಬೇಕು. ಅಲ್ಲಿಯವರೆಗೆ ವಿಷಯ ಮುಚ್ಚಿಡಬೇಡಿ. ಮಾತ್ರೆ ಬಿಡಲಂತೂ ಬೇಡಿ. ಮನೆಯ ಇನ್ನೊಬ್ಬರು ಗಾರ್ಡಿಯನ್ ಆಗಲಿ, ತಾಯಿ ಆರೈಕೆ ಮಾಡುತ್ತಲೇ ಇರಲಿ.

ನಿರ್ಗತಿಕರಾಗಿರಬಾರದು ಎಂಬುದನ್ನು ಓದಿ ಸಂಬಳವಿಲ್ಲದ ಗೃಹಿಣಿಯರು ಹೆದರುತ್ತಾರೆ. ಹೆದರಬೇಕಿಲ್ಲ. ಮನೆ ನಡೆಸುವ ತಾಯಿ ನಿರ್ಗತಿಕಳಲ್ಲ. ಎಷ್ಟೋ ತಾಯಂದಿರು ಹೀಗೆ ಗಾರ್ಡಿಯನ್ ಆಗಿದ್ದಾರೆ.

ಇವುಗಳ ಜೊತೆ ಹೆಣ್ಣುಮಕ್ಕಳ ರಕ್ಷಣೆಗೆ ಇನ್ನೊಂದು ನಿಯಮ ಇದೆ. ಹೆಣ್ಣುಮಗಳಿಗೆ ಒಂಟಿ ಗಂಡಸನ್ನು ಗಾರ್ಡಿಯನ್ ಮಾಡುವುದಿಲ್ಲ. ಮದುವೆಯಾದ ಅಣ್ಣನಾದರೆ ಹೆಂಡತಿಯ ಜೊತೆ ಜಂಟಿಯಾಗಿ ಆಗಬಹುದು, ಮುಖ್ಯ ಗಾರ್ಡಿಯನ್ ಆಗುವವರು ಆಕೆಯೇ. ಅಂದರೆ ಅತ್ತಿಗೆಯ ಮನಸ್ಸು, ಒಪ್ಪಿಗೆ, ಅರ್ಹತೆ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ‘ಅವಳು ನಾನು ಹೇಳಿದ ಕಡೆ ಸಹಿ ಹಾಕ್ತಾಳೆ ಬಿಡಿ’ ಎನ್ನುವ ಗಂಡಂದಿರು ಇದನ್ನು ಎರಡು ಸಲ ಓದಬೇಕು. ಪತ್ನಿಯನ್ನು ಕಳೆದುಕೊಂಡ ಅಪ್ಪಂದಿರು ಅರ್ಜಿಗೆ ಮೊದಲೇ ಸಮಿತಿಯ ಕಚೇರಿಯಲ್ಲಿ ಮಾತಾಡಿ, ಚಿಕ್ಕಮ್ಮನೋ ಅಕ್ಕನೋ ಯಾರಾದರೂ ಹೆಣ್ಣುಮಗಳನ್ನು ಜೊತೆಗೆ ಸೇರಿಸಿಕೊಳ್ಳುವುದು ಒಳ್ಳೆಯದು.

ಸಂಸ್ಥೆ ಗಾರ್ಡಿಯನ್ ಆಗಬೇಕಾದರೆ ಅದಕ್ಕೆ ಸರ್ಕಾರದ ಮಾನ್ಯತೆ ಇರಬೇಕು. ಅದೇ ಬಗೆಯ ವಿಕಲತೆ ಇರುವವರಿಗೆ ವಸತಿಯೂ ಸೇರಿದಂತೆ ಸೇವೆ ಕೊಟ್ಟು ಕನಿಷ್ಠ 2 ವರ್ಷದ ಅನುಭವ ಇರಬೇಕು.

ಅರ್ಹರಲ್ಲಿ ಯಾರನ್ನು ಆರಿಸಬೇಕು?

ನಿಯಮದ ಜರಡಿ ದಾಟಿದವರೆಲ್ಲ ಯೋಗ್ಯರು ಎಂದಲ್ಲ. ನಿಜವಾದ ಕೆಲಸ ಇಲ್ಲಿ ಶುರುವಾಗುತ್ತದೆ.

ಅಪ್ಪನಿಗೆ 72, ಅಮ್ಮನಿಗೆ 66, ಮಗನಿಗೆ 35 ಎಂದುಕೊಳ್ಳಿ. ಇಬ್ಬರೇ ಜಂಟಿ ಗಾರ್ಡಿಯನ್ ಆದರೆ ಇವತ್ತಿನ ಬ್ಯಾಂಕ್ ಕೆಲಸ ಆಗುತ್ತದೆ. ಇಬ್ಬರೂ ಇಲ್ಲದ ಮೇಲೆ ಒಡಹುಟ್ಟಿದವರು ಮತ್ತೆ ಹೊಸದಾಗಿ ಅರ್ಜಿ ಹಾಕಬೇಕು. ಹಾಗಾಗಿ ವಯಸ್ಸಾದ ದಂಪತಿಗಳು ಮುಂದಿನ ತಲೆಮಾರಿನ ಒಬ್ಬರನ್ನು ಈಗಲೇ ಸೂಚಿಸುವ ಬಗ್ಗೆ ಯೋಚಿಸಬೇಕು. ನೀವು ಬದುಕಿರುವಾಗ ಅವರು ಕೆಲಸ ಕಲಿಯುತ್ತಾರೆ. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಯಾವ ಶಬ್ದಕ್ಕೆ ಗಾಬರಿಯಾಗುತ್ತಾನೆ, ಹೊಟ್ಟೆನೋವನ್ನು ಹೇಗೆ ಹೇಳುತ್ತಾನೆ, ಇವೆಲ್ಲ ಪಕ್ಕದಲ್ಲಿದ್ದು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಮಗಳನ್ನು ಕೇಳದೆ ಅವಳ ಹೆಸರು ಬರೆಯಬೇಡಿ. ‘ನೀನೇ ನೋಡ್ಕೋಬೇಕು’ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದ ಅಕ್ಕ ತಂಗಿಯರು ಎಷ್ಟೋ ಜನ. ಅವರಿಗೆ ಅವರದೇ ಸಂಸಾರ, ಕೆಲಸ, ಊರು ಇರುತ್ತದೆ. ಒಲ್ಲದ ಮನಸ್ಸಿನಿಂದ ಒಪ್ಪಿಸಿದ ಗಾರ್ಡಿಯನ್‌ಗಿಂತ, ‘ನನ್ನಿಂದ ಲೆಕ್ಕಪತ್ರ ನೋಡಲು ಆಗುತ್ತದೆ, ದಿನದ ಆರೈಕೆ ಆಗಲ್ಲ’ ಎಂದು ನೇರವಾಗಿ ಹೇಳುವವರು ಮೇಲು. ಆಗ ಆರೈಕೆಗೆ ಬೇರೆ ಏರ್ಪಾಡು ಮಾಡಬಹುದು.

ಆಸ್ತಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಜಮೀನು ಇನ್ನೂ ಭಾಗವಾಗಿಲ್ಲ, ಅಣ್ಣನೇ ಗಾರ್ಡಿಯನ್. ನಾಳೆ ಪಾಲು ಮಾಡುವಾಗ ತನ್ನ ಪಾಲಿಗೂ ತಮ್ಮನ ಪಾಲಿಗೂ ಅವನೇ ಮಾತಾಡಬೇಕಾಗುತ್ತದೆ. ಅಣ್ಣ ಎಷ್ಟೇ ಒಳ್ಳೆಯವನಾದರೂ ಇದು ಸರಿಯಲ್ಲ. ಬೆಂಬಲ ಕೊಡುವವರಿಗೂ ವಿಕಲಚೇತನ ವ್ಯಕ್ತಿಗೂ ಹಿತಾಸಕ್ತಿ ಎದುರಾದರೆ, ಆ ವ್ಯವಹಾರದಿಂದ ಬೆಂಬಲ ಕೊಡುವವರು ದೂರ ಸರಿಯಬೇಕು ಎಂದು 2016ರ ಕಾಯ್ದೆ ಹೇಳಿದೆ. ಸಾಧ್ಯವಾದರೆ ಅಪ್ಪ ಇರುವಾಗಲೇ ಪಾಲು ಮುಗಿಸಿ. ಇಲ್ಲವೇ ಆ ಆಸ್ತಿಯಲ್ಲಿ ಪಾಲಿಲ್ಲದ ಸೋದರಮಾವನಂಥವರನ್ನು ಜಂಟಿಯಾಗಿ ಸೇರಿಸಿ.

ಎಲ್ಲಕ್ಕಿಂತ ಮುಖ್ಯವಾಗಿ, ಯಾರಿಗಾಗಿ ಇದೆಲ್ಲ ಮಾಡುತ್ತಿದ್ದೀರೋ ಅವರನ್ನು ಕೇಳಿ. ಮಾತು ಬಾರದವರಿಗೂ ಇಷ್ಟ ಅನಿಷ್ಟ ಇದೆ. ಯಾರು ಬಂದರೆ ಮುಖ ಅರಳುತ್ತದೆ, ಯಾರು ಬಂದರೆ ಕೋಣೆ ಸೇರುತ್ತಾರೆ ಎನ್ನುವುದು ನಿಮಗೆ ಗೊತ್ತೇ ಇರುತ್ತದೆ. ಕೋಣೆ ಸೇರುವಂತೆ ಮಾಡುವವರ ಹೆಸರು ಅರ್ಜಿಯಲ್ಲಿ ಬರದಿರಲಿ.

ಕಾಗದಪತ್ರ

ವ್ಯಕ್ತಿ ವಾಸವಿರುವ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಬೇಕು. ನಮೂನೆಯ ಹೆಸರು ಫಾರ್ಮ್ ಎ. ನ್ಯಾಷನಲ್ ಟ್ರಸ್ಟ್‌ನ ವೆಬ್‌ಸೈಟ್‌ನಲ್ಲೂ ಅರ್ಜಿ ಸಲ್ಲಿಸುವ ವ್ಯವಸ್ಥೆ ಇದೆ. ವಕೀಲರು ಬೇಕಿಲ್ಲ.

ವಿಕಲಚೇತನರ ಸರ್ಟಿಫಿಕೇಟ್ ಅಥವಾ ಯುಡಿಐಡಿ ಕಾರ್ಡ್, ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಫೋಟೋ, ಗಾರ್ಡಿಯನ್ ಆಗುವವರ ಗುರುತಿನ ಚೀಟಿ ಮತ್ತು ಅವರ ಒಪ್ಪಿಗೆ ಪತ್ರ ಜೋಡಿಸಿಡಿ. ಅಪ್ಪನೋ ಅಮ್ಮನೋ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಬೇಕು. ಉಳಿದ ಒಡಹುಟ್ಟಿದವರಿಂದ ‘ನಮ್ಮ ಆಕ್ಷೇಪಣೆ ಇಲ್ಲ’ ಎಂಬ ಪತ್ರ ಬರೆಸಿಕೊಂಡರೆ ಮುಂದೆ ತಕರಾರು ಕಡಿಮೆ. ಹೆಸರಿನ ಅಕ್ಷರ ಎಲ್ಲ ಕಾಗದದಲ್ಲೂ ಒಂದೇ ಇದೆಯೇ ನೋಡಿಕೊಳ್ಳಿ. ಆಧಾರ್‌ನಲ್ಲಿ ಒಂದು, ಶಾಲೆಯ ಟಿ.ಸಿ.ಯಲ್ಲಿ ಇನ್ನೊಂದು ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಯಾವ ಉದ್ದೇಶಕ್ಕೆ ಎಂಬ ಜಾಗದಲ್ಲಿ ಬರೀ ‘ಪಾಲನೆಗಾಗಿ’ ಎಂದು ಬರೆಯಬೇಡಿ. ‘ತಂದೆಯ ಕುಟುಂಬ ಪಿಂಚಣಿ ಪಡೆಯಲು, ಬ್ಯಾಂಕ್ ಖಾತೆ ನಡೆಸಲು, ಇಂಥ ಊರಿನ ಮನೆಯಲ್ಲಿರುವ ಪಾಲನ್ನು ನೋಡಿಕೊಳ್ಳಲು’ ಎಂದು ಬಿಡಿಸಿ ಬರೆಯಿರಿ. ಸಮಿತಿಗೂ ಸುಲಭ, ಮುಂದೆ ಬ್ಯಾಂಕಿನವರಿಗೂ ಸ್ಪಷ್ಟ.

ಸಮಿತಿಯ ಮುಂದೆ

ಸಮಿತಿಯಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ವಿಕಲಚೇತನರೊಬ್ಬರು ಇರುತ್ತಾರೆ. ಕನಿಷ್ಠ 3 ತಿಂಗಳಿಗೊಮ್ಮೆ ಸಭೆ ಸೇರಬೇಕು ಎಂದು ಕಾಯ್ದೆಯೇ ಹೇಳಿದೆ. ಅರ್ಜಿ ಕೊಟ್ಟ ಮೇಲೆ ತಿಂಗಳುಗಟ್ಟಲೆ ಸುದ್ದಿ ಇಲ್ಲದಿದ್ದರೆ, ಮುಂದಿನ ಸಭೆ ಯಾವಾಗ ಎಂದು ಬರವಣಿಗೆಯಲ್ಲಿ ಕೇಳಿ. ಕರ್ನಾಟಕದಲ್ಲಿ ಇದನ್ನು ವಿಚಾರಿಸಲು ಸರಿಯಾದ ಜಾಗ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಹಿಡಿಯಿರಿ. ಅರ್ಜಿ ತುಂಬುವುದಕ್ಕೂ ಅವರ ಸಹಾಯ ಸಿಗುತ್ತದೆ.

ಮನೆಗೆ ವಿಚಾರಣೆಗೆ ಬಂದರೆ, ಸಭೆಗೆ ಕರೆದರೆ, ಗಾಬರಿ ಬೇಡ. ನಿಮ್ಮ ಮಗ ಸಭೆಯಲ್ಲಿ ಜಾಸ್ತಿ ಹೊತ್ತು ಕೂರಲಾರ, ಗದ್ದಲ ಆಗದು ಎಂದಾದರೆ ಮೊದಲೇ ತಿಳಿಸಿ, ಮೊದಲು ಕರೆಯುವಂತೆ ಕೇಳಿಕೊಳ್ಳಿ.

ನೇಮಕ ಆದ ಮೇಲೆ

ಆದೇಶ ಕೈಗೆ ಬಂದರೆ ಹೊಣೆ ಶುರು. ನೇಮಕವಾದ 6 ತಿಂಗಳೊಳಗೆ, ವ್ಯಕ್ತಿಯ ಸ್ಥಿರಾಸ್ತಿ, ನಿಮ್ಮ ಕೈಗೆ ಬಂದ ಹಣ ಮತ್ತು ವಸ್ತುಗಳು, ಬರಬೇಕಾದ್ದು, ತೀರಿಸಬೇಕಾದ ಸಾಲ ಇವುಗಳ ಪಟ್ಟಿಯನ್ನು ಸಮಿತಿಗೆ ಕೊಡಬೇಕು. ಆಮೇಲೆ ಪ್ರತಿ ಹಣಕಾಸು ವರ್ಷ ಮುಗಿದ 3 ತಿಂಗಳೊಳಗೆ, ಅಂದರೆ ಜೂನ್ ಕೊನೆಯೊಳಗೆ, ಆದಾಯ, ಖರ್ಚು, ಉಳಿಕೆಯ ಲೆಕ್ಕ ಸಲ್ಲಿಸಬೇಕು. ತಾಯಿಯೇ ಗಾರ್ಡಿಯನ್ ಆಗಿದ್ದರೂ ಇದು ತಪ್ಪುವುದಿಲ್ಲ. ಅದಕ್ಕೆ ಒಂದೇ ಒಂದು ಪ್ರತ್ಯೇಕ ಖಾತೆ, ಒಂದು ನೋಟ್‌ಬುಕ್, ಔಷಧಿ ಮತ್ತು ಬಟ್ಟೆಯ ಬಿಲ್ಲುಗಳನ್ನು ಹಾಕಿಡುವ ಒಂದು ಕವರ್ ಸಾಕು. ಮನೆಯ ಹಣದ ಜೊತೆ ಬೆರೆಸಬೇಡಿ.

ಆಸ್ತಿ ನೋಡಿಕೊಳ್ಳುವ ಹೊಣೆ ಬಂತು ಎಂದ ಮಾತ್ರಕ್ಕೆ ಅದನ್ನು ಮಾರುವ ಸ್ವಾತಂತ್ರ್ಯ ಬರುವುದಿಲ್ಲ. ಮಾರಾಟ, ಅಡಮಾನದಂಥ ವಿಷಯ ಬಂದರೆ ಆಗ ವಕೀಲರನ್ನು ಕಾಣಿ. ದೇಹದ ಮೇಲಿನ ಹಕ್ಕೂ ಆ ವ್ಯಕ್ತಿಯದೇ, ಗಾರ್ಡಿಯನ್‌ದಲ್ಲ. 2009ರಲ್ಲಿ, ಬೌದ್ಧಿಕ ವಿಕಲತೆ ಇದ್ದ ಹೆಣ್ಣುಮಗಳೊಬ್ಬಳು ತನ್ನ ಮಗುವನ್ನು ಹೆರಬೇಕು ಎಂದಾಗ ಸುಪ್ರೀಂ ಕೋರ್ಟ್ ಅವಳ ಇಚ್ಛೆಯನ್ನೇ ಎತ್ತಿಹಿಡಿಯಿತು.

ಗಾರ್ಡಿಯನ್ ಹಿಂಸೆ ಕೊಡುತ್ತಿದ್ದರೆ, ಕಡೆಗಣಿಸಿದರೆ, ಹಣ ನುಂಗಿದರೆ ಅಪ್ಪ ಅಮ್ಮ, ಸಂಬಂಧಿಕರು ಅಥವಾ ನೋಂದಾಯಿತ ಸಂಸ್ಥೆ ಸಮಿತಿಗೆ ದೂರು ಕೊಡಬಹುದು. ಸಮಿತಿ ಗಾರ್ಡಿಯನ್ ಮಾತನ್ನೂ ಕೇಳಿ, ಅವರನ್ನು ತೆಗೆದುಹಾಕಿ ಬೇರೆಯವರನ್ನು ನೇಮಿಸಬಹುದು. ಗಾರ್ಡಿಯನ್ ಅಣ್ಣನೇ ಆಗಿದ್ದರೂ ಸುಮ್ಮನಿರಬೇಡಿ.

ಕೇಂದ್ರ ಸರ್ಕಾರಿ ನೌಕರಿಯಲ್ಲಿರುವ ಅಪ್ಪ ಅಮ್ಮಂದಿರು, ದುಡಿದು ತಿನ್ನಲು ಆಗದ ಮಗ ಅಥವಾ ಮಗಳು ಇದ್ದಾರೆ ಎಂಬುದನ್ನು ನಿವೃತ್ತಿಗೆ ಮೊದಲೇ ಕಚೇರಿಯ ದಾಖಲೆಗೆ ಸೇರಿಸಿ. ಅಂಥ ಮಕ್ಕಳಿಗೆ 25 ವರ್ಷದ ಮಿತಿ ಇಲ್ಲದೆ ಜೀವನಪೂರ್ತಿ ಕುಟುಂಬ ಪಿಂಚಣಿ ಸಿಗುವ ಅವಕಾಶ ಇದೆ. ಅದನ್ನು ಪಡೆಯಲು ಈ ಸಮಿತಿ ಕೊಟ್ಟ ಗಾರ್ಡಿಯನ್ ಪತ್ರ ನಡೆಯುತ್ತದೆ. ಬ್ಯಾಂಕಿನಲ್ಲಿ ‘ಕೋರ್ಟ್ ಆದೇಶವೇ ಬೇಕು’ ಎಂದರೆ, ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಸ್ಥಳೀಯ ಸಮಿತಿ ಕೊಟ್ಟ ಪತ್ರವನ್ನು ಒಪ್ಪಬಹುದು ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ತಿಳಿಸಿರುವುದನ್ನು ಮ್ಯಾನೇಜರ್‌ಗೆ ಹೇಳಿ. ಆಗಲೂ ಒಪ್ಪದಿದ್ದರೆ ಆಗುವುದಿಲ್ಲ ಎಂಬುದನ್ನು ಬರೆದು ಕೊಡುವಂತೆ ಕೇಳಿ, ಆ ಪತ್ರದ ಸಮೇತ ಬ್ಯಾಂಕಿನ ಮೇಲಧಿಕಾರಿಗೆ ದೂರು ಕೊಡಿ.